ಆರಿದ ಕುಲುಮೆ ಮತ್ತೆ ಉರಿಯಲಿ

ಮಕ್ಕಳೇ, ಭಾಲ್ಕಿ ತಾಲ್ಲೂಕಿನ ಮೆಹಕರದಂತಹ ಊರುಗಳಲ್ಲಿ ಮುಂಗಾರಿಗೆ ಮೊದಲು ಕುಂಟೆ, ಕೂರಿಗೆಗಳನ್ನು ಸಜ್ಜುಗೊಳಿಸಬೇಕು. ಇದಕ್ಕಾಗಿ ರೈತರು ಕಮ್ಮಾರರ ಕುಲುಮೆಗೆ ಹೋಗುತ್ತಿದ್ದರು. ಈಗ ಅನೇಕ ಊರುಗಳಲ್ಲಿ ಕುಲುಮೆಗಳು ಆರಿವೆ. ಹಳೆಯ ಕುಲುಮೆಯೊಂದನ್ನು ಮತ್ತೆ ಉರಿಸಲು ಏನೇನು ಬೇಕು?

ಮೊದಲನೆಯದು ತಿದಿ. ಅದರ ಚರ್ಮ ಒಣಗಿ ಬಿರಿದಿದ್ದರೆ ಗಾಳಿ ಸೋರುತ್ತದೆ. ಹೊಸ ಚರ್ಮ ಹಾಕಬೇಕು. ಇದ್ದಿಲಿನ ಇಂಗಾಲವು ಗಾಳಿಯಲ್ಲಿರುವ ಆಮ್ಲಜನಕದೊಡನೆ ಸೇರಿ ಉರಿಯುತ್ತದೆ. ತಿದಿ ಒತ್ತಿದಾಗ ಹೆಚ್ಚು ಗಾಳಿ ಸಿಕ್ಕಿ ಶಾಖ ಏರುತ್ತದೆ. ಎರಡನೆಯದು ಅಡಿಗಲ್ಲು. ಅದು ಅಲುಗಾಡಿದರೆ ಸುತ್ತಿಗೆಯ ಪೆಟ್ಟಿನ ಶಕ್ತಿ ವ್ಯರ್ಥವಾಗುತ್ತದೆ. ಆದ್ದರಿಂದ ಅದನ್ನು ಭದ್ರವಾಗಿ ಕೂರಿಸಬೇಕು.

ಕಬ್ಬಿಣ ಕರಗುವುದು 1,538 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆದರೆ ಬಡಿದು ರೂಪ ಕೊಡಲು ಕರಗಿಸಬೇಕಿಲ್ಲ. ಸುಮಾರು 1,000 ಡಿಗ್ರಿಯಲ್ಲಿ ಅದು ಕಿತ್ತಳೆ ಬಣ್ಣ ತಳೆದು ಮೆತ್ತಗಾಗುತ್ತದೆ. ಕಮ್ಮಾರರಿಗೆ ಆ ಬಣ್ಣವೇ ಉಷ್ಣಮಾಪಕ!

ಕೆಂಪಗೆ ಕಾದ ಉಕ್ಕನ್ನು ನೀರಿನಲ್ಲಿ ಅದ್ದಿದರೆ ಗಡುಸಾಗುತ್ತದೆ. ಆದರೆ ಪೆಟ್ಟು ಬಿದ್ದರೆ ಮುರಿಯಬಹುದು. ಮತ್ತೆ ಸ್ವಲ್ಪ ಕಾಯಿಸಿದರೆ ಮುರಿಯುವ ಗುಣ ಕಡಿಮೆಯಾಗುತ್ತದೆ. ಇದೇ ಹದ ಕೊಡುವುದು.

ನಮ್ಮ ನಾಡಿನ ಉಕ್ಕು ಹಿಂದೆ ದೂರದೇಶಗಳಿಗೂ ಹೋಗುತ್ತಿತ್ತು. 1820ರ ಸುಮಾರಿಗೆ ಇಂಗ್ಲೆಂಡಿನ ವಿಜ್ಞಾನಿ ಮೈಕೆಲ್ ಫ್ಯಾರಡೆ ಅದನ್ನು ಪರೀಕ್ಷಿಸಿದರು. ಅವರು ಅದನ್ನು ‘ವೂಟ್ಜ್’ ಎಂದು ಕರೆಯುತ್ತಿದ್ದರು. ಈ ಹೆಸರು ಕನ್ನಡದ ‘ಉಕ್ಕು’ ಪದದಿಂದ ಬಂದಿರಬೇಕೆಂದು ವಿದ್ವಾಂಸರು ಹೇಳುತ್ತಾರೆ.

ತಿದಿ, ಅಡಿಗಲ್ಲುಗಳನ್ನು ವಸ್ತುಸಂಗ್ರಹಾಲಯದಲ್ಲಿ ಇಡಬಹುದು. ಹದ ಅರಿತ ಕಣ್ಣು, ಕೈಗಳನ್ನು ಅಲ್ಲಿ ಇಡಲಾಗದು. ಆ ವಿದ್ಯೆ ಉಳಿಯಬೇಕಾದರೆ ಕುಲುಮೆ ಉರಿಯಲೇಬೇಕು.

ಮಾಡಿ ನೋಡಿ: ಶಿಕ್ಷಕರೊಂದಿಗೆ ನಿಮ್ಮೂರಿನ ಹಿರಿಯ ಕಮ್ಮಾರರನ್ನು ಕಾಣಿರಿ. ಬೆಂಕಿಯಿಂದ ದೂರ ನಿಲ್ಲಿರಿ. ಯಾವ ಬಣ್ಣ ಬಂದಾಗ ಕಬ್ಬಿಣವನ್ನು ಹೊರತೆಗೆಯುತ್ತಾರೆಂದು ಕೇಳಿ ಬರೆದಿಡಿ.