ಯಾರ ಜೊತೆ ಕಲಿಯುತ್ತೀಯ?



ಹೊಸ ವಿದ್ಯೆ ಕಲಿಯಿರಿ ಎಂದು ನಿಮ್ಮ ಆಫೀಸಿನವರು ಮೇಲಿಂದ ಮೇಲೆ ಮೇಲ್ ಕಳಿಸುತ್ತಾರೆ. ನೀನು ಆನ್‌ಲೈನ್ ಕೋರ್ಸಿಗೆ ದುಡ್ಡು ಕಟ್ಟುತ್ತೀಯ, ಅರ್ಧಕ್ಕೆ ಬಿಡುತ್ತೀಯ, ಆಮೇಲೆ ‘ನನಗೆ ಶಿಸ್ತೇ ಇಲ್ಲ ದೊಡ್ಡಪ್ಪ’ ಎಂದು ಕೊರಗುತ್ತೀಯ. ನಿನ್ನಂಥವರು ಬೆಂಗಳೂರಿನ ತುಂಬ ಇರುವುದರಿಂದ ಉತ್ತರವನ್ನು ಪತ್ರಿಕೆಗೇ ಕೊಡುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ದೊಡ್ಡವರಾದ ಮೇಲೂ ಜನ ಕಲಿಯುತ್ತಲೇ ಇರುವ ದೇಶಗಳ ಚರಿತ್ರೆ ತೆಗೆದು ನೋಡು. ಅಲ್ಲಿ ಬರೀ ಛಲದಿಂದ ಕಲಿತವರು ಕಡಿಮೆ. ಜಾಗ, ಹೊತ್ತು, ಜೊತೆ ಈ ಮೂರನ್ನೂ ಯಾರೋ ಅವರಿಗೆ ಹೊಂದಿಸಿಕೊಟ್ಟಿದ್ದರು.

ಡೆನ್ಮಾರ್ಕಿನಲ್ಲಿ ಗ್ರುಂಡ್‌ವಿಗ್ ಎಂಬ ಪಾದ್ರಿ ಇದ್ದ. ಕವಿ, ಜೊತೆಗೆ ಮಹಾ ಜಗಳಗಂಟ. ಲ್ಯಾಟಿನ್ ಉರು ಹೊಡೆಸುವ ಶಾಲೆಗಳಲ್ಲಿ ಜೀವವೇ ಇಲ್ಲ ಎಂದು ಬೈಯುತ್ತಿದ್ದ. ಆಳುವವರ ಮುಂದೆ ರೈತ ಬಾಯಿ ಬಿಡಬೇಕಾದರೆ ಅವನಿಗೆ ತನ್ನ ನುಡಿಯಲ್ಲೇ, ಮಾತುಕತೆಯಲ್ಲೇ ಕಲಿಸಬೇಕು ಎಂಬುದು ಅವನ ಹಟ. ಆ ವಿಚಾರದಿಂದ 1844ರಲ್ಲಿ ರೊಡ್ಡಿಂಗ್ ಎಂಬ ಊರಲ್ಲಿ ಮೊದಲ ಜನತಾ ಪ್ರೌಢಶಾಲೆ ಹುಟ್ಟಿತು. ಹೆಸರು ಕೇಳಿ ಹೈಸ್ಕೂಲು ಅಂದುಕೊಳ್ಳಬೇಡ, ಬರುತ್ತಿದ್ದವರು ಬೆಳೆದ ಹುಡುಗರು. 1864ರ ಯುದ್ಧದಲ್ಲಿ ಡೆನ್ಮಾರ್ಕ್ ಸೋತು ದಕ್ಷಿಣದ ನೆಲ ಕಳೆದುಕೊಂಡಾಗ ರೊಡ್ಡಿಂಗ್ ಕೂಡ ಗಡಿಯ ಆಚೆಗೆ ಹೋಯಿತು. ಮೇಷ್ಟ್ರುಗಳು ಸುಮ್ಮನಿರಲಿಲ್ಲ. ಮರುವರ್ಷವೇ ಗಡಿಯ ಈಚೆ ಅಸ್ಕೋವ್‌ನಲ್ಲಿ ಶಾಲೆ ತೆರೆದರು. ಸೋತ ದೇಶದ ಉದ್ದಗಲಕ್ಕೂ ಇಂಥ ಶಾಲೆಗಳು ಎದ್ದವು.

ಅವುಗಳ ಏರ್ಪಾಡು ಗಮನಿಸು. ಹೊಲದ ಕೆಲಸವಿಲ್ಲದ ಚಳಿಗಾಲದಲ್ಲಿ ಗಂಡುಹುಡುಗರು, ಬೇಸಿಗೆಯಲ್ಲಿ ಹೆಣ್ಣುಮಕ್ಕಳು ಬಂದು ತಿಂಗಳುಗಟ್ಟಲೆ ಅಲ್ಲೇ ಉಳಿಯುತ್ತಿದ್ದರು. ಚರಿತ್ರೆ, ಹಾಡು, ಒಂದಿಷ್ಟು ಬೇಸಾಯ. ಪರೀಕ್ಷೆ ಇಲ್ಲ, ಇಂದಿಗೂ ಇಲ್ಲ! ಸರ್ಟಿಫಿಕೇಟಿನ ಆಸೆ ಇರುವವನು ಅಲ್ಲಿಗೆ ಹೋಗಿ ಪ್ರಯೋಜನವಿಲ್ಲ. ಮುಂದೆ ಅಮೆರಿಕದ ಅಗ್ಗದ ಕಾಳು ಬಂದು ಧಾನ್ಯದ ಬೆಲೆ ಕುಸಿದಾಗ ರೈತರು ಬೆಣ್ಣೆಯ ಕಡೆ ತಿರುಗಿದರು. 1882ರಲ್ಲಿ ಮೊದಲ ಸಹಕಾರಿ ಡೈರಿ ಶುರುವಾಯಿತು. ಇಂಥ ಡೈರಿಗಳಲ್ಲಿ ಹಸು ಎಷ್ಟೇ ಇರಲಿ, ಆಳಿಗೊಂದೇ ಓಟು. ಇದಕ್ಕೆಲ್ಲ ಶಾಲೆಯೇ ಕಾರಣವೋ ಅಲ್ಲವೋ ಎಂದು ಇತಿಹಾಸಕಾರರು ಇನ್ನೂ ಜಗಳವಾಡುತ್ತಾರೆ. ಒಂದು ಚಳಿಗಾಲ ಪೂರ್ತಿ ಒಟ್ಟಿಗೆ ಉಂಡು, ವಾದ ಮಾಡಿ, ಹಾಡಿದವರಿಗೆ ಸಂಘದ ಸಭೆಯಲ್ಲಿ ಕೂರುವುದು ಕಷ್ಟವಾಗಲಿಕ್ಕಿಲ್ಲ ಎಂದು ನನಗನ್ನಿಸುತ್ತದೆ. ಈ ಮಾದರಿಯ ಗಾಳಿ ನಮ್ಮ ಕಡೆಗೂ ಬೀಸಿತ್ತು. ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿ ಹಳ್ಳಿಯ ಯುವಕರಿಗಾಗಿ ನಡೆಸಿದ ವಿದ್ಯಾಪೀಠಗಳ ಹಿಂದೆ ಡೆನ್ಮಾರ್ಕಿನ ಈ ಶಾಲೆಗಳ ಪ್ರೇರಣೆ ಇತ್ತು.

ಸ್ವೀಡನ್ನಿನ ಕಥೆ ಇನ್ನೂ ಅಗ್ಗದ್ದು. 1902ರಲ್ಲಿ ಆಸ್ಕರ್ ಓಲ್ಸನ್ ಎಂಬಾತ ಮದ್ಯಪಾನ ವಿರೋಧಿ ಸಂಘದವರನ್ನು ಕಟ್ಟಿಕೊಂಡು ಅಧ್ಯಯನ ಕೂಟ ಆರಂಭಿಸಿದ. ಕೆಲವರು ಸೇರಿ ಪುಸ್ತಕ ಕೊಳ್ಳುವುದು, ಸರದಿಯಲ್ಲಿ ಓದುವುದು, ಕೂತು ಚರ್ಚಿಸುವುದು. ಓದಿ ಮುಗಿದ ಪುಸ್ತಕ ಸಂಘದ ಗ್ರಂಥಾಲಯಕ್ಕೆ. ಮೇಷ್ಟ್ರೇ ಬೇಕಿಲ್ಲ. ಅದೇ ದೇಶ 1974ರಲ್ಲಿ ಒಂದು ಕಾನೂನನ್ನೂ ಮಾಡಿತು. ಓದಲು ರಜೆ ಕೇಳಿದ ನೌಕರನಿಗೆ ಮಾಲೀಕ ಇಲ್ಲವೆನ್ನುವಂತಿಲ್ಲ, ಬೇಕಾದರೆ ಸ್ವಲ್ಪ ದಿನ ಮುಂದಕ್ಕೆ ಹಾಕಬಹುದು. ರಜೆಗೆ ಸಂಬಳವಿಲ್ಲ, ಆದರೆ ಕೆಲಸ ಹೋಗುವುದಿಲ್ಲ.

ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯದ ಪಾಠಗಳು 1971ರಲ್ಲಿ ಟಿವಿ, ರೇಡಿಯೊಗಳಲ್ಲಿ ಬಂದವು. ಸೇರುವುದಕ್ಕೆ ಹಿಂದಿನ ಯಾವ ಅಂಕಪಟ್ಟಿಯೂ ಬೇಕಿರಲಿಲ್ಲ. ಜನಕ್ಕೆ ನೆನಪಿರುವುದು ಆ ಟಿವಿ ಪಾಠ. ಆದರೆ ಉತ್ತರಗಳನ್ನು ತಿದ್ದಿ ಕಳಿಸುವ ಬೋಧಕರೂ, ಊರೂರಿನ ಅಧ್ಯಯನ ಕೇಂದ್ರಗಳೂ, ಬೇಸಿಗೆಯ ವಸತಿ ಶಿಬಿರವೂ ಇದ್ದವು. ಇಷ್ಟು ದೂರ ಕೂತ ನನ್ನ ಕಣ್ಣಿಗೆ ಮುಖ್ಯವಾಗಿ ಕಾಣುವುದು ಅವೇ.

ಬರೀ ದುಡ್ಡು ಕೊಟ್ಟರೆ? ಸಿಂಗಪುರ ‘ಸ್ಕಿಲ್ಸ್‌ಫ್ಯೂಚರ್’ ಯೋಜನೆಯಲ್ಲಿ 25 ವರ್ಷ ತುಂಬಿದ ಪ್ರತಿ ಪ್ರಜೆಯ ಲೆಕ್ಕಕ್ಕೂ ಕೋರ್ಸಿಗೆಂದು 500 ಡಾಲರ್ ಹಾಕಿತು. ಅನೇಕರಿಗೆ ಉಪಯೋಗವಾಯಿತು. ಆದರೆ 2017ರಲ್ಲಿ ಒಂದು ಜಾಲ ಸುಳ್ಳು ಬಿಲ್ಲು ಕೊಟ್ಟು ಹತ್ತಿರ ಹತ್ತಿರ 4 ಕೋಟಿ ಡಾಲರ್ ನುಂಗಿದ್ದು ಬಯಲಾಯಿತು. ಹಾಗೆಂದು ಸಿಂಗಪುರ ಕೈಬಿಡಲಿಲ್ಲ. ಈಗ 40 ದಾಟಿದವರಿಗೆ ಇನ್ನೂ 4000 ಡಾಲರ್ ಕೊಡುತ್ತಿದೆ. ನಡುವಯಸ್ಸಿನಲ್ಲಿ ಕೆಲಸ ಕಳೆದುಕೊಳ್ಳುವ ಭಯ ಅಲ್ಲೂ ಇದೆ.

ಆದ್ದರಿಂದ ಮುಂದಿನ ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಎರಡು ಕೆಲಸ ಮಾಡು. ಅದನ್ನೇ ಕಲಿಯಬೇಕೆನ್ನುವ ನಾಲ್ಕೈದು ಜನರನ್ನು ಆಫೀಸಿನಲ್ಲೋ, ನಿಮ್ಮ ಬಡಾವಣೆಯ ಗ್ರಂಥಾಲಯದಲ್ಲೋ ಹುಡುಕು. ವಾರಕ್ಕೊಂದು ಸಂಜೆ ಗೊತ್ತುಮಾಡಿ, ಒಬ್ಬರು ಓದಿದ್ದನ್ನು ಇನ್ನೊಬ್ಬರಿಗೆ ಹೇಳಿ. ಇನ್ನು ಮ್ಯಾನೇಜರು ಮತ್ತೆ ಮೇಲ್ ಕಳಿಸಿದರೆ, ವಾರದ ಕೆಲಸದ ಹೊತ್ತಿನಲ್ಲೇ ಇದಕ್ಕೆ ಎಷ್ಟು ಗಂಟೆ ಬಿಟ್ಟುಕೊಡುತ್ತೀರಿ ಎಂದು ವಿನಯದಿಂದ, ಬರವಣಿಗೆಯಲ್ಲೇ ಕೇಳು. ಉತ್ತರ ಬಂದರೆ ನನಗೂ ತಿಳಿಸು.

ಇಂತು,
ನಿನ್ನ ದೊಡ್ಡಪ್ಪ