ರಜೆಗೆ ಪರದೇಶವೇಕೆ?

ರಜೆಯಲ್ಲಿ ಜನರು ಸ್ವದೇಶವನ್ನು ಬಿಟ್ಟು ಪರದೇಶಕ್ಕೆ ಹೋಗುವದೇಕೆ? ತಂಪು ಹವೆ, ಪರ್ವತಗಳ ಸೊಬಗು ಮೊದಲಾದ ಕಾರಣಗಳನ್ನು ಎಲ್ಲರೂ ಹೇಳುವರು. ನಾವು ಇಲ್ಲಿ ವಿಚಾರಿಸತಕ್ಕದ್ದು ಬೇರೊಂದುಂಟು.

ಇಂಗ್ಲೆಂಡಿನ ಬಾಪ್ಟಿಸ್ಟ್ ಬೋಧಕರಾಗಿದ್ದ ಥಾಮಸ್ ಕುಕ್ ಎಂಬವರು 1841ರಲ್ಲಿ ಮದ್ಯವರ್ಜನ ಸಭೆಗೆಂದು ಜನರನ್ನು ರೈಲಿನಲ್ಲಿ ಕರೆದೊಯ್ದರು. 1863ರಲ್ಲಿ ಸ್ವಿಟ್ಜರ್ಲೆಂಡಿಗೆ ಒಂದು ಪ್ರವಾಸವನ್ನು ಏರ್ಪಡಿಸಿದರು. ಜೆಮೈಮಾ ಮೊರೆಲ್ ಎಂಬ ಅವಿವಾಹಿತ ಸ್ತ್ರೀಯೂ ಆ ತಂಡದಲ್ಲಿದ್ದರು. ಆಗ ಮರ್ಯಾದಸ್ಥ ಮನೆತನದ ಹೆಣ್ಣು ಒಬ್ಬಳೇ ಪರದೇಶಕ್ಕೆ ಹೊರಟರೆ ಲೋಕವು ಆಡಿಕೊಳ್ಳುತ್ತಿತ್ತು; ತಂಡದೊಡನೆ ಹೋದರೆ ಅಷ್ಟು ಆಕ್ಷೇಪವಿರಲಿಲ್ಲ. ಅವರು ಉದ್ದ ಲಂಗವನ್ನು ತೊಟ್ಟೇ ಹಿಮನದಿಯ ಮೇಲೆ ನಡೆದರು, ರಿಗಿ ಪರ್ವತವನ್ನೇರಿದರು. ಪರ್ವತಕ್ಕಿಂತಲೂ ಈ ಸ್ವಾತಂತ್ರ್ಯವೇ ಅವರನ್ನು ಹೆಚ್ಚು ಸೆಳೆದಿರಬೇಕೆಂದು ನಮಗೆ ತೋರುತ್ತದೆ. ಅವರ ದಿನಚರಿಯು ನೂರು ವರುಷಗಳ ಮೇಲೆ, 1963ರಲ್ಲಿ, ಅಚ್ಚಾಯಿತು. ಅದರಲ್ಲಿ ದಣಿವಿಗಿಂತ ನಗೆಯೇ ಹೆಚ್ಚು.