ಬಚ್ಚಲ ಮನೆಯ ಗಾಳಿ ಶುದ್ಧವಾಗಿರಲಿ
ಮೈಸೂರಿನ ಅಂಚಿನ ಹಲವು ಮನೆಗಳಲ್ಲಿ ಅಡಿಗೆಗೆ ಗ್ಯಾಸ್ ಬಂದರೂ ಬಚ್ಚಲ ಹಂಡೆಗೆ ತೆಂಗಿನ ಗರಿ, ಮಟ್ಟೆಗಳ ಉರಿಯೇ ಉಳಿದಿದೆ. ಹಸಿ ಸೌದೆಯ ಶಾಖ ಅದರ ನೀರನ್ನು ಆವಿಮಾಡುವುದರಲ್ಲೇ ಕಳೆದು, ಹೊಗೆ ಹೆಚ್ಚುತ್ತದೆ. ಆದುದರಿಂದ ಸೌದೆಯನ್ನು ಸೀಳಿ, ಚೆನ್ನಾಗಿ ಒಣಗಿಸಿ ಉರಿಸಿರಿ. ಒಲೆಗೆ ಜಾಲರಿಯನ್ನೂ ಸೂರಿಗಿಂತ ಎತ್ತರದ ಹೊಗೆಕೊಳವೆಯನ್ನೂ ಹಾಕಿಸಿರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 1980ರ ದಶಕದಲ್ಲಿ ಹಳ್ಳಿಗಳಿಗೆ ನೀಡಿದ ಅಸ್ತ್ರ ಒಲೆಯಲ್ಲೂ ಇವೆರಡೂ ಇದ್ದವು. ಕೊಳವೆಯ ಮಸಿಯನ್ನು ಆಗಾಗ ತೆಗೆಯಿರಿ.

ಹಂಡೆ ಬಿಟ್ಟು ಗ್ಯಾಸ್ ಗೀಸರ್ ಹಾಕಿಸಿದವರೂ ಎಚ್ಚರದಿಂದಿರಬೇಕು. ಮುಚ್ಚಿದ ಬಚ್ಚಲಿನಲ್ಲಿ ಆಮ್ಲಜನಕ ಸಾಲದೆ ಇಂಗಾಲದ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಸ್ನಾನಕ್ಕೆ ಹೋದವರ ಪ್ರಾಣವನ್ನೇ ತೆಗೆಯಬಲ್ಲದು. ಗೀಸರನ್ನು ಬಚ್ಚಲ ಹೊರಗೆ, ಗಾಳಿಯಾಡುವಲ್ಲಿ ಕೂರಿಸಿರಿ. ತಲೆಸುತ್ತು ಬಂದೊಡನೆ ಹೊರಗೆ ಬನ್ನಿರಿ.